ಅಕ್ಕನ ಟೀಯೊಳಗಿನ ಸಕ್ಕರೆ

ಬರಿಗೈಯಲ್ಲಿ ನಡೆಯುವಾಗಲೂ ಅಕ್ಕನ ಬಲಭುಜ ಎಡಭುಜಕ್ಕಿಂತ ಒಂದಿಷ್ಟು ಕೆಳಗೇ ಇರುತ್ತಿತ್ತು. ತುಂಬಿದ ಕೆಟಲನ್ನು ವರ್ಷಾನುಗಟ್ಟಲೆ ಅದೇ ಕೈಯಲ್ಲಿ ಹಿಡಿದು, ಮುದ್ರಣಾಲಯದ ಮೆಟ್ಟಿಲುಗಳನ್ನು ಹತ್ತಿ ಇಳಿದು, ಯಂತ್ರಗಳ ಸಂದಿಗೊಂದಿಗಳಲ್ಲಿ ಮೈ ಓರೆಮಾಡಿ ನುಸುಳಿ, ಆಕೆಯ ದೇಹ ಆ ಭಾರಕ್ಕೆ ಒಗ್ಗಿ ಹಾಗೆಯೇ ನಿಂತುಬಿಟ್ಟಿತ್ತು. ಕೆಟಲ್ ಇಲ್ಲದ ಹೊತ್ತಿನಲ್ಲಿ ದೂರದಿಂದ ನೋಡಿದವರಿಗೆ, ಈ ಹೆಂಗಸು ಯಾವುದೋ ಪುಟ್ಟ ಮಗುವಿನ ಕೈ ಹಿಡಿದು ನಡೆಸಿಕೊಂಡು ಹೋಗುತ್ತಿದ್ದಾಳೇನೋ ಅನ್ನಿಸಬೇಕು, ಹಾಗಿತ್ತು ಆ ನಡಿಗೆ.

ಮೈಮೇಲೆ ಸದಾ ಒಂದು ಗಂಡಸರ ಕೋಟು. ಬಟ್ಟೆಗೆ ಮಸಿ ತಾಗದಿರಲೆಂದು ಯಂತ್ರದವರು ತೊಡುತ್ತಾರಲ್ಲ, ಮೊಳಕಾಲಿನವರೆಗೆ ಇಳಿಬೀಳುವ ಬೂದುಬಣ್ಣದ ಕೋಟು, ಅದು. ತೋಳುಗಳನ್ನು ಮಡಚಿ ಮಡಚಿ ಮೊಣಕೈಯ ಹತ್ತಿರ ದಪ್ಪ ಸುರುಳಿ ಮಾಡಿಕೊಂಡಿದ್ದಳು. ಎದೆಯ ಜೇಬಿನ ಕೆಳಗೆ ನೀಲಿ ಮಸಿಯದೊಂದು ಕಲೆ; ಎಷ್ಟು ಒಗೆದರೂ ಹೋಗದ್ದೋ, ಹೋಗಬಾರದೆಂದು ಆಕೆ ಒಗೆಯದೆ ಬಿಟ್ಟದ್ದೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಯಾವ ಮಾತಿಗೂ ಮೊದಲು "ಅದಿರ್ಲಿ" ಅನ್ನುವುದು ಆಕೆಯ ರೂಢಿ. "ಅಕ್ಕಾ, ಮಳೆ ಬರೋ ಹಾಗಿದೆ" ಅಂದರೆ "ಅದಿರ್ಲಿ, ಊಟ ಆಯ್ತಾ?" "ಅಕ್ಕಾ, ಮೆಷಿನ್ ಕೆಟ್ಟು ಕೂತಿದೆ" ಅಂದರೆ "ಅದಿರ್ಲಿ, ಮಗೂಗೆ ಜ್ವರ ಬಿಡ್ತಾ?" ಜಗತ್ತಿನ ಸಕಲ ವಿದ್ಯಮಾನಗಳನ್ನೂ ಒಂದೇ ಪದದಿಂದ ಪಕ್ಕಕ್ಕೆ ತಳ್ಳಿ, ಎದುರು ನಿಂತವನ ಹೊಟ್ಟೆ, ನಿದ್ದೆ, ಮೈನೋವುಗಳ ವಿಚಾರಕ್ಕೆ ನೇರವಾಗಿ ಇಳಿದುಬಿಡುತ್ತಿದ್ದಳು. ಊರಿನವರ ಉಸಾಬರಿಯೆಲ್ಲ ಇವಳಿಗೇಕೆ ಎಂದು ಗೊಣಗುತ್ತಲೇ ನಾವೆಲ್ಲ ಉತ್ತರ ಕೊಡುತ್ತಿದ್ದೆವು.

ನಾನು ಆ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವನು, ಅದಕ್ಕೇ ಎಲ್ಲರ ಬಾಯಲ್ಲಿ ಮೇಷ್ಟ್ರು. ಒಂದು ಒತ್ತಕ್ಷರ ಜಾರಿದರೆ, ಒಂದು ದೀರ್ಘ ಕಳೆದುಹೋದರೆ ನನ್ನ ಕಣ್ಣು ಹಿಡಿಯದೆ ಬಿಡದು ಎಂಬ ಹೆಮ್ಮೆ ನನಗಿತ್ತು. ಈಗಲೂ ಇದೆ, ಮುಚ್ಚಿಡುವುದೇಕೆ? ಇಂಥ ನನ್ನ ಕಣ್ಣೆದುರೇ, ನನ್ನ ನಾಲಿಗೆಯ ಮೇಲೆಯೇ, ಎರಡು ವರ್ಷದ ಉದ್ದಕ್ಕೂ ಅಕ್ಕ ಒಂದು ಕಳ್ಳತನ ನಡೆಸಿದಳು. ನಮ್ಮ ಟೀಯಿಂದ ಚಿಟಿಕೆ ಚಿಟಿಕೆಯಾಗಿ ಸಕ್ಕರೆ ಕದ್ದಳು. ನಮಗೆ ತಿಳಿಯಲಿಲ್ಲ. ಮುಂದೆ ಆಕೆಯೇ ಬಿಡಿಬಿಡಿಯಾಗಿ ನನಗೆ ಹೇಳಿದ್ದನ್ನೂ ನಾನೇ ಕಂಡದ್ದನ್ನೂ ಜೋಡಿಸಿ ಇಲ್ಲಿ ಇಡುತ್ತಿದ್ದೇನೆ.

ಕ್ಯಾಂಟೀನು ಅನ್ನುವುದು ದೊಡ್ಡ ಮಾತು. ಮಹಡಿಗೆ ಹೋಗುವ ಮೆಟ್ಟಿಲಿನ ಕೆಳಗಣ ಜಾಗವೇ ಅದು. ಚಾವಣಿ ಓರೆಯಾಗಿ ಇಳಿದಿದ್ದರಿಂದ ಒಳಗೊಳಗೆ ಹೋದಂತೆಲ್ಲ ಮನುಷ್ಯ ತಲೆ ಬಾಗಿಸಬೇಕು. ಒಂದು ಒಲೆ, ಎರಡು ಬೆಂಚು, ಕಲ್ಲಿನ ಕಟ್ಟೆ, ಗಾಜಿನ ಲೋಟಗಳ ಸಾಲು, ಗೋಡೆಯಲ್ಲಿ ಒಂದು ಕಿಂಡಿ. ಕಿಂಡಿಯಾಚೆ ಕಾಗದ ಕತ್ತರಿಸುವ ಹಜಾರ. ಅಲ್ಲಿ ಅಲಗು ಇಳಿದಾಗಲೆಲ್ಲ ಇಲ್ಲಿ ಲೋಟದೊಳಗಿನ ಟೀ ಸಣ್ಣಗೆ ನಡುಗುತ್ತಿತ್ತು. ಗೋಂದು, ಮಸಿ, ಹಸಿ ಕಾಗದದ ವಾಸನೆಗಳ ನಡುವೆ ಕಾಯಿಸಿದ ಹಾಲಿನ ವಾಸನೆ ಬಂತೆಂದರೆ, ಬೆನ್ನು ಬಾಗಿಸಿ ಕೂತವರೆಲ್ಲ ತಲೆ ಎತ್ತುತ್ತಿದ್ದರು. ಆ ಕಾಲದಲ್ಲಿ ಅಕ್ಕನ ಟೀ ಅಂದರೆ ಸಿಹಿಗೆ ಹೆಸರು. ಕುಡಿದ ಮೇಲೆ ತುಟಿಗೆ ತುಟಿ ಅಂಟಿಕೊಳ್ಳಬೇಕು. "ಅಕ್ಕನ ಟೀ ಕುಡಿದ್ರೆ ಸತ್ತೋನೂ ಎದ್ದು ಕೂರ್ತಾನೆ" ಎಂದು ನಮ್ಮ ಫೋರ್ಮನ್ ಹೊಸಬರಿಗೆಲ್ಲ ಹೇಳುತ್ತಿದ್ದ.

ಆಕೆಯ ಗಂಡ ಅದೇ ಮುದ್ರಣಾಲಯದಲ್ಲಿ ದೊಡ್ಡ ಯಂತ್ರ ನಡೆಸುತ್ತಿದ್ದವನು. ಭಾರೀ ಆಳು, ಬಾಯಿತುಂಬ ನಗು, ಸಿಹಿಯೆಂದರೆ ಪ್ರಾಣ. ಟೀಗೆ ಹೆಂಡತಿ ಹಾಕಿದ ಸಕ್ಕರೆ ಸಾಲದೆಂದು ಮೇಲೆ ಇನ್ನೊಂದು ಚಮಚ. ಬೇಸಗೆಯಲ್ಲಿ ಗೇಟಿನ ಅಂಗಡಿಯಿಂದ ತಂಪು ಬಾಟಲಿ. ಕೈಗೆ ಮಸಿಯಿದ್ದರೆ ಬಾಯಿಗೇ ಎಸೆದುಕೊಳ್ಳಲು ಸುಲಭವಾಗುವ ಕ್ರೀಂ ಬಿಸ್ಕತ್ತು. ಅವನಿಗೆ ಶುಗರ್ ಇದೆಯೆಂದು ಗೊತ್ತಾದಾಗ ಇಡೀ ಮುದ್ರಣಾಲಯ ನಕ್ಕಿತ್ತು, "ನಿನ್ನ ಮೈಯಲ್ಲಿ ಅದು ಬಿಟ್ಟು ಇನ್ನೇನಿರೋಕೆ ಸಾಧ್ಯ?" ಎಂದು ತಮಾಷೆ ಮಾಡಿತ್ತು. ಅವನೂ ನಕ್ಕಿದ್ದ. ಆಮೇಲೆ ಹಿಮ್ಮಡಿಯಲ್ಲಿ ಒಂದು ಬೊಬ್ಬೆ ಎದ್ದಿತು. ನೋವಿಲ್ಲದ ಬೊಬ್ಬೆ. ನೋವಿಲ್ಲವಲ್ಲ ಎಂದು ಅವನು ಸುಮ್ಮನಿದ್ದ. ಆ ನೋವಿಲ್ಲದಿರುವಿಕೆಯೇ ಕೇಡೆಂದು ಹೇಳುವವರಿರಲಿಲ್ಲ. ಮೊದಲು ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಕೊನೆಕೊನೆಗೆ ಕಣ್ಣೂ ಮಂಜಾಗಿ, ಹೆಂಡತಿಯನ್ನು ಸೀರೆಗೆ ಹತ್ತಿದ ಹಾಲಿನ ವಾಸನೆಯಿಂದಲೋ ಹೆಜ್ಜೆಯ ಸದ್ದಿನಿಂದಲೋ ಗುರುತು ಹಿಡಿಯುತ್ತ ಆ ಬೆಟ್ಟದಂಥ ಆಳು ಹಾಸಿಗೆಯಲ್ಲೇ ಕರಗಿಹೋದ.

"ಉಪ್ಪು ತಿಂದೋನು ನೀರು ಕುಡೀಬೇಕು ಅಂತಾರೆ ಮೇಷ್ಟ್ರೇ. ಸಕ್ಕರೆ ತಿಂದೋನು ಕಾಲು ಕೊಡ್ಬೇಕು ಅಂತ ಯಾರೂ ಗಾದೆ ಕಟ್ಲಿಲ್ವಲ್ಲ," ಎಂದು ಒಮ್ಮೆ ನನ್ನಲ್ಲಿ ಅಂದಿದ್ದಳು. ಒಲೆಯ ಉರಿ ತಗ್ಗಿಸಿ, "ತಿಂದದ್ದು ಅವರು. ಹಾಕ್ಕೊಟ್ಟದ್ದು ಈ ಕೈ," ಎಂದಳು.

ಆ ಮಾತಿನಲ್ಲೇ ಆಕೆಯ ಮುಂದಿನ ಬದುಕೆಲ್ಲ ಇತ್ತು. ಗಂಡ ಹೋದ ಮೇಲೆ ಕೆಲವು ವಾರ ಬಾರದೆ ಇದ್ದು, ಒಂದು ಬೆಳಿಗ್ಗೆ ಅವನ ಕೋಟು ತೊಟ್ಟು ಬಂದು ಒಲೆ ಹಚ್ಚಿದಳು. ಟೀ ಮೊದಲಿನಷ್ಟೇ ಸಿಹಿಯಾಗಿತ್ತು. ನಾವು ಮೊದಲಿನಷ್ಟೇ ಚಪ್ಪರಿಸಿದೆವು. ಆದರೆ ಆಕೆ ನಮ್ಮನ್ನು ನೋಡುವ ನೋಟ ಬದಲಾಗಿತ್ತು. ಯಾರ ಹೊಟ್ಟೆ ಮುಂದೆ ಬಂದಿದೆ, ಯಾರು ಪದೇಪದೇ ನೀರು ಕುಡಿದು ಪದೇಪದೇ ಹೊರಗೆ ಹೋಗುತ್ತಾರೆ, ಯಾರ ಕೈಯ ಗಾಯ ತಿಂಗಳಾದರೂ ಮಾಯದು, ಇವನ್ನೆಲ್ಲ ನೋಡುತ್ತಿದ್ದಳು. ಪ್ಯಾಕಿಂಗ್ ವಿಭಾಗದ ಹುಡುಗಿಯರು ಮಧ್ಯಾಹ್ನದ ಊಟದ ಬದಲು ತಂಪು ಬಾಟಲಿ, ಕೇಕಿನ ತುಂಡು ಹಿಡಿದು ಬಂದರೆ "ಅದು ವಿಷ ಕಣ್ರೇ" ಅನ್ನುತ್ತಿದ್ದಳು. "ಹಾಗಾದ್ರೆ ನಿನ್ನ ಟೀ ಏನಕ್ಕಾ, ಅಮೃತಾನಾ?" ಎಂದು ಆ ಚುರುಕು ಬಾಯಿಯವರು ಕೇಳಿದರೆ ಆಕೆ ಸಕ್ಕರೆ ಡಬ್ಬಿಯ ಮುಚ್ಚಳ ಬಿಗಿಮಾಡಿ ಲೋಟ ತೊಳೆಯಲು ತಿರುಗುತ್ತಿದ್ದಳು.

ನಮ್ಮಲ್ಲಿ ಪಠ್ಯಪುಸ್ತಕಗಳ ಜೊತೆಗೆ ಬಿಸ್ಕತ್ತು, ಸಾಸು, ಮಕ್ಕಳ ಶಕ್ತಿಪುಡಿಗಳ ಹೊದಿಕೆಗಳೂ ಅಚ್ಚಾಗುತ್ತಿದ್ದವು. ಹಾಳಾದ ಹಾಳೆಗಳನ್ನು ಅಕ್ಕ ಕಟ್ಟೆಗೆ ಹಾಸಲು ಒಯ್ಯುತ್ತಿದ್ದಳು. ಇರುವೆಸಾಲಿನಂಥ ಸಣ್ಣ ಅಕ್ಷರಗಳನ್ನು ಕಣ್ಣು ಕಿರಿದು ಮಾಡಿ ಓದಿ, ನನ್ನ ಕೋಣೆಗೆ ಬಂದು, "ಈ ಗ್ಲೂಕೋಸ್ ಸಿರಪ್ಪು ಅಂದ್ರೆ ಏನು ಮೇಷ್ಟ್ರೇ?" ಎಂದು ಕೇಳುವಳು.

"ಸಕ್ಕರೆ."

"ಈ ಮಾಲ್ಟೋ... ಎಂಥದೋ ಇದು?"

"ಅದೂ ಹೆಚ್ಚುಕಡಿಮೆ ಸಕ್ಕರೆಯೇ. ಹೊಟ್ಟೆಗೆ ಹೋದ ಮೇಲೆ ಸಕ್ಕರೆ ಆಗುತ್ತೆ."

"ಟೊಮೇಟೊ ಸಾಸಿನಲ್ಲೂ? ಬ್ರೆಡ್ಡಿನಲ್ಲೂ? ಹೆಸರು ಬದಲಾಯಿಸ್ಕೊಂಡು ಮನೆಮನೆ ಹೊಕ್ತಾನೆ ಅಂದ್ರೆ ಅವನು ಕಳ್ಳನೇ ಅಲ್ವಾ?"

ಕಳ್ಳನನ್ನು ಹಿಡಿಯಲು ತಾನೂ ಕಳ್ಳಿಯಾಗಬೇಕೆಂದು ಆಕೆ ತೀರ್ಮಾನಿಸಿದ್ದು ಆ ದಿನಗಳಲ್ಲೇ ಇರಬೇಕು. ಬುದ್ಧಿ ಹೇಳಿ ನೋಡಿದ್ದಾಗಿತ್ತು. ಗಂಡನಿಗೆ ಹೇಳಿ ಸೋತವಳಿಗೆ ಬುದ್ಧಿಮಾತಿನ ಬೆಲೆ ಏನೆಂದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಬಾಯಿ ಮುಚ್ಚಿ ಕೈಗೆ ಕೆಲಸ ಕೊಟ್ಟಳು.

ಆ ಕೆಲಸದಲ್ಲಿ ಆಕೆ ತೋರಿದ ನಾಜೂಕನ್ನು ನೆನೆದರೆ ಇವತ್ತಿಗೂ ಬೆರಗಾಗುತ್ತದೆ. ಸಕ್ಕರೆಯನ್ನು ಒಮ್ಮೆಲೇ ಕಡಿಮೆ ಮಾಡಿದರೆ ನಾಲಿಗೆ ಕೂಗೆಬ್ಬಿಸುತ್ತದೆ. ಇಷ್ಟಿಷ್ಟೇ ಮಾಡಿದರೆ ಅದು ಮರೆಯುತ್ತದೆ. ಸಿಹಿ ತಗ್ಗಿಸಿದಷ್ಟೂ ಟೀ ಸೊಪ್ಪನ್ನು ಕಡಿಮೆ ಹೊತ್ತು ಕುದಿಸಿ ಕಹಿಯನ್ನೂ ತಗ್ಗಿಸುತ್ತಿದ್ದಳು. ಹಾಲನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಕಾಯಿಸಿ, ಅದರದೇ ಸಿಹಿ ಮೇಲೆ ಬರುವಂತೆ ಮಾಡುತ್ತಿದ್ದಳು. ವಾರದ ಮೊದಲ ದಿನ ಮಾತ್ರ ಕೈಯಾಡಿಸುತ್ತಿರಲಿಲ್ಲ. ರಜೆ ಮುಗಿಸಿ ಬಂದವರ ಬಾಯಲ್ಲಿ ಮನೆಯ ಟೀಯ ರುಚಿ ಇನ್ನೂ ಉಳಿದಿರುತ್ತದಂತೆ. ಪಠ್ಯಪುಸ್ತಕಗಳ ಕಾಲ ಬಂದು, ಎಲ್ಲರೂ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲದೆ ಓಡಾಡುವಾಗ, ಆಗ ಒಂದು ಚಿಟಿಕೆ ಜಾರಿಸುವಳು. ಅಪ್ಪಿತಪ್ಪಿ ಯಾರಾದರೂ "ಏನಕ್ಕಾ, ಟೀ ಇವತ್ತು ಸಪ್ಪೆ ಇದ್ದಂಗಿದೆ" ಅಂದರೆ ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂದರೂ ಮುಖದಲ್ಲಿ ತೋರಿಸದೆ, "ಅದಿರ್ಲಿ, ನಾಲಿಗೆ ಚಾಚು ನೋಡೋಣ. ಜ್ವರ ಗಿರ ಬಂದಿದ್ಯಾ?" ಅನ್ನುವಳು. ಆ ಮನುಷ್ಯ ಹಣೆ ಮುಟ್ಟಿ ನೋಡಿಕೊಳ್ಳುತ್ತ ಹೋಗುತ್ತಿದ್ದ. ನಾನೂ ಒಮ್ಮೆ ಹಾಗೆ ಹೋದವನೇ.

ಹೀಗೆ ಎರಡನೆಯ ವರ್ಷ ಮುಗಿಯುವಷ್ಟರಲ್ಲಿ ಟೀಯಲ್ಲಿ ಸಕ್ಕರೆ ನೆಪಕ್ಕೆ ಮಾತ್ರ ಇತ್ತು. ಕೊನೆಗೊಂದು ದಿನ ಆ ನೆಪವನ್ನೂ ಬಿಟ್ಟಳು. ಸಕ್ಕರೆ ಡಬ್ಬಿಯನ್ನೇ ತೊಳೆದು, ಒಣಗಿಸಿ, ಅದರಲ್ಲಿ ಟೀ ಸೊಪ್ಪು ತುಂಬಿಟ್ಟಳು. ಯಾರೂ ಚಕಾರ ಎತ್ತಲಿಲ್ಲ. ಫೋರ್ಮನ್ ಮಾಮೂಲಿನಂತೆ ಚಪ್ಪರಿಸಿ ಕುಡಿದು, ಸತ್ತವರನ್ನು ಎಬ್ಬಿಸುವ ಮಾತನ್ನೂ ಆಡಿ ಹೋದ. ಅವತ್ತು ಆಕೆಗೆ ಎಷ್ಟು ಸಂತೋಷವಾಯಿತೆಂದರೆ, ಎಲ್ಲರೂ ಹೋದ ಮೇಲೆ ಓರೆ ಚಾವಣಿಯ ಕೆಳಗೆ ಒಬ್ಬಳೇ ಕೂತು ಅತ್ತಳಂತೆ. ಗಂಡನಿಗೆ ಮಾಡಲಾಗದ್ದನ್ನು ಇಷ್ಟು ಜನಕ್ಕೆ ಮಾಡಿದೆನೆಂಬ ಸಂತೋಷ ಅದು.

ಈಗ ಬ್ಲೇಡಣ್ಣನ ವಿಚಾರ ಹೇಳಬೇಕು. ಕಿಂಡಿಯಾಚೆಯ ಕತ್ತರಿಸುವ ಯಂತ್ರ ಅವನದು. ಒಂದು ಗುಂಡಿ ಒತ್ತಿದರೆ ಗೇಣೆತ್ತರದ ಕಾಗದದ ರಾಶಿಯನ್ನು ಬೆಣ್ಣೆಯಂತೆ ಕತ್ತರಿಸುವ ಯಂತ್ರ. ಅದರ ಮುಂದೆ ನಿಂತವನ ಕೈ ನಡುಗಬಾರದು, ಮನಸ್ಸು ಅತ್ತಿತ್ತ ಹೋಗಬಾರದು. ಅವನ ಮಾತೂ ಹಾಗೆಯೇ ಹರಿತ, ಆದ್ದರಿಂದ ಹೆಸರು ಎರಡು ರೀತಿಯಲ್ಲೂ ಒಪ್ಪುತ್ತಿತ್ತು. ಅಕ್ಕನ ಗಂಡನಿಗೆ ಜೀವದ ಗೆಳೆಯ. ನಾವೆಲ್ಲ ಆಕೆಯನ್ನು ಅಕ್ಕ ಎಂದರೆ ಅವನೊಬ್ಬ "ಅತ್ತಿಗೆ" ಎನ್ನುತ್ತಿದ್ದ, ಬಹುವಚನ ತಪ್ಪಿಸುತ್ತಿರಲಿಲ್ಲ. ಗೆಳೆಯ ಸತ್ತ ಮೇಲೆ ಊಟದ ನಂತರದ ಟೀಗೆ ತಪ್ಪದೆ ಬಂದು ಬೆಂಚಿನ ಅದೇ ಮೂಲೆಯಲ್ಲಿ ಕೂರುತ್ತಿದ್ದ. ಹೆಚ್ಚು ಮಾತಿಲ್ಲ. ಒಂದು ಲೋಟ ಕುಡಿಯುವುದು, ಇನ್ನೊಂದು ಕೇಳುವುದು, "ಬರ್ತೀನಿ ಅತ್ತಿಗೆ" ಎಂದು ಏಳುವುದು.

ಅವನಿಗೂ ಶುಗರ್ ಇತ್ತು. ಇದು ಅವನ ಹೆಂಡತಿಗೆ ಬಿಟ್ಟು ಆಗ ಯಾರಿಗೂ ಗೊತ್ತಿರಲಿಲ್ಲ; ಮುಂದೆ ಅವನೇ ಹೇಳಿದ್ದು. ಗೊತ್ತಾದರೆ ಯಂತ್ರದ ಮುಂದೆ ನಿಲ್ಲಿಸುವುದಿಲ್ಲವೆಂಬ ಭಯ ಒಂದು. ಅತ್ತಿಗೆಗೆ ಗೊತ್ತಾದರೆ ಟೀ ನಿಲ್ಲಿಸಿಬಿಡುತ್ತಾಳೆ, ಆ ಮೂಲೆಯಲ್ಲಿ ಕೂರಲು ತನಗೊಂದು ನೆವ ಇಲ್ಲದಂತಾಗುತ್ತದೆ ಎಂಬ ಸಂಕೋಚ ಇನ್ನೊಂದು. ಹಾಗಾಗಿ ಆ ಪುಣ್ಯಾತ್ಮ ತಾನೇ ಒಂದು ಲೆಕ್ಕ ಹಾಕಿಕೊಂಡಿದ್ದ. ಅತ್ತಿಗೆಯ ಟೀ ಅಂದರೆ ಸಕ್ಕರೆಯ ಪಾಕ, ಇಡೀ ಜಗತ್ತಿಗೆ ಗೊತ್ತಿರುವ ವಿಷಯ; ಆದ್ದರಿಂದ ಆ ಸಕ್ಕರೆಯನ್ನು ತಿಂದುಹಾಕಲೆಂದು, ಡಾಕ್ಟರು ಬರೆದುಕೊಟ್ಟದ್ದಕ್ಕಿಂತ ಸಿರಿಂಜಿನಲ್ಲಿ ಎರಡು ಗೆರೆ ಜಾಸ್ತಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ! ಟೀ ಸಿಹಿಯಾಗಿದ್ದಷ್ಟು ಕಾಲ ಹೇಗೋ ನಡೆಯಿತು. ಟೀಯಿಂದ ಸಕ್ಕರೆ ಜಾರುತ್ತ ಹೋಯಿತು, ಸೂಜಿಯ ಎರಡು ಗೆರೆ ಮಾತ್ರ ಹಾಗೆಯೇ ಉಳಿಯಿತು. ಮಧ್ಯಾಹ್ನಗಳಲ್ಲಿ ಬೆವರು, ಕೈನಡುಕ, ಸುಮ್ಮಸುಮ್ಮನೆ ಸಿಟ್ಟು. ವಯಸ್ಸಾಯಿತು ಅಂದುಕೊಂಡ. ಅತ್ತಿಗೆಯ ಟೀ ಇನ್ನೊಂದು ಲೋಟ ಕುಡಿದರೆ ಸರಿಹೋಗುತ್ತದೆಂದು ಕುಡಿಯುತ್ತಿದ್ದ. ಅಕ್ಕ ಕಿಂಡಿಯಿಂದ ಅವನನ್ನು ನೋಡಿ, ಪಾಪ, ಗೆಳೆಯನ ನೆನಪಲ್ಲಿ ಸೊರಗುತ್ತಿದ್ದಾನೆ ಅಂದುಕೊಳ್ಳುತ್ತಿದ್ದಳು.

ಆ ಮಧ್ಯಾಹ್ನ ಪಠ್ಯಪುಸ್ತಕದ ಕೆಲಸ ಕುತ್ತಿಗೆಗೆ ಬಂದಿತ್ತು. ಬ್ಲೇಡಣ್ಣ ಊಟ ಬಿಟ್ಟು ಯಂತ್ರದ ಮುಂದೆ ನಿಂತಿದ್ದ. ಇದ್ದಕ್ಕಿದ್ದಂತೆ ಅಲಗಿನ ಸದ್ದು ನಿಂತಿತು. ನಾನು ಒಂದು ಕರಡು ಕೊಡಲೆಂದು ಕೆಳಗೆ ಬಂದವನು, ಹಜಾರದಲ್ಲಿ ಗುಂಪು ಕಂಡು ಅಲ್ಲಿಗೆ ಹೋದೆ. ಕಾಗದದ ರಾಶಿಗೆ ಒರಗಿ ಅವನು ಕೂತಿದ್ದ. ಅಂಗಿ ನೀರಲ್ಲಿ ಅದ್ದಿ ತೆಗೆದ ಹಾಗಿತ್ತು. ಕಣ್ಣು ತೆರೆದಿದ್ದರೂ ನಮ್ಮನ್ನು ನೋಡುತ್ತಿರಲಿಲ್ಲ. "ಟೀ... ಅತ್ತಿಗೆ ಟೀ..." ಅಂದ. ಅಷ್ಟರಲ್ಲಿ ಅಕ್ಕ ಕೆಟಲ್ ಹಿಡಿದು ಟೀ ಹಂಚುತ್ತ ಬಂದಿದ್ದಳು. ಫೋರ್ಮನ್ ಅವಳ ಕೈಯಿಂದಲೇ ಲೋಟ ಕಸಿದು ಅವನ ಬಾಯಿಗೆ ಹಿಡಿದ. ಕುಡಿದ. ಇನ್ನೊಂದು ಲೋಟ. ಅದನ್ನೂ ಕುಡಿದ. ಬೆವರು ನಿಲ್ಲಲಿಲ್ಲ. ಮಾತು ತೊದಲತೊಡಗಿತು, ಯಾರದೋ ಮೇಲೆ ಸಿಟ್ಟಿನಿಂದ ಕೈ ಬೀಸಿದ.

"ಹಾಕ್ಕೊಂಡು ಬಂದಿದ್ದಾನೆ ಕಣ್ರೋ," ಎಂದು ಯಾರೋ ಅಂದರು.

"ಹೌದು, ನಾಲಿಗೆ ನೋಡಿ ಹೇಗೆ ಹೊರಳ್ತಿದೆ. ಗಾಡಿ ಹತ್ಸಿ ಮನೆಗೆ ಬಿಟ್ಟುಬಿಡಿ, ಮಲಗಿ ಎದ್ರೆ ಸರಿಹೋಗ್ತಾನೆ," ಎಂದ ಫೋರ್ಮನ್. "ಇನ್ನೊಂದು ಲೋಟ ಟೀ ಕುಡಿಸಿ ಕರ್ಕೊಂಡು ಹೋಗಿ."

ಅಕ್ಕ ಮಾತ್ರ ಕಲ್ಲಾಗಿ ನಿಂತಿದ್ದಳು. ಆ ತಣ್ಣನೆಯ ಬೆವರು, ಆ ಖಾಲಿ ಕಣ್ಣು, ಅರ್ಥವಿಲ್ಲದ ಆ ಸಿಟ್ಟು, ಇವನ್ನು ಆಕೆ ತನ್ನ ಮನೆಯ ಹಾಸಿಗೆಯ ಮೇಲೆ ಕಂಡಿದ್ದಳು. ಗಂಡನಿಗೆ ಸೂಜಿ ಹೆಚ್ಚಾದ ದಿನಗಳಲ್ಲಿ ಹೀಗೇ ಆಗುತ್ತಿತ್ತು. ಸಕ್ಕರೆ ತೀರಾ ಇಳಿದುಹೋದರೆ ಮನುಷ್ಯ ಮಲಗಿದವನು ಏಳುವುದೇ ಇಲ್ಲವೆಂದು ಡಾಕ್ಟರು ಹೇಳಿದ್ದರು. ಇವನಿಗೂ ಅದೇ ರೋಗವೆಂದು ಆಕೆಗೆ ಆ ಗಳಿಗೆಯಲ್ಲಿ ಹೊಳೆಯಿತು. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು: ಇವರೆಲ್ಲ ಇವನಿಗೆ ಸಕ್ಕರೆಯೆಂದು ಕುಡಿಸುತ್ತಿರುವುದು ಬರೀ ಹಾಲು ನೀರು. ಓಡಿಹೋಗಿ ಗುಟ್ಟಾಗಿ ಒಂದು ಹಿಡಿ ಸಕ್ಕರೆ ತರೋಣವೆಂದರೆ ಮೆಟ್ಟಿಲ ಕೆಳಗೆ ಸಕ್ಕರೆಯ ಕಾಳೂ ಇಲ್ಲ. ಡಬ್ಬಿಯನ್ನು ತೊಳೆದಿಟ್ಟವಳು ತಾನೇ. ಮೂರನೆಯ ಲೋಟ ಅವನ ಬಾಯಿಯ ಹತ್ತಿರ ಹೋಗುತ್ತಿತ್ತು.

ಕೆಟಲ್ ಕೆಳಗೆ ಬಿತ್ತು. "ಅದ್ರಲ್ಲಿ ಸಕ್ಕರೆ ಇಲ್ಲ!" ಎಂದು ಆಕೆ ಕೂಗಿದಳು. ಆ ಧ್ವನಿಯನ್ನು ಅದಕ್ಕೆ ಮೊದಲು ನಾವ್ಯಾರೂ ಕೇಳಿರಲಿಲ್ಲ. "ನನ್ನ ಟೀಯಲ್ಲಿ ಸಕ್ಕರೆ ಇಲ್ಲ ಕಣ್ರೋ! ನಾನು ಹಾಕ್ತಾ ಇಲ್ಲ! ಇವನು ಕುಡಿದಿಲ್ಲ, ಇವನಿಗೆ ಶುಗರ್ ಇಳಿದುಹೋಗಿದೆ. ಯಾರ ಹತ್ರ ಏನು ಸಿಹಿ ಇದ್ಯೋ ಕೊಡ್ರಪ್ಪಾ, ಬೇಗ ಕೊಡ್ರೋ!"

ಎಲ್ಲರೂ ಬಾಯಿ ಬಿಟ್ಟುಕೊಂಡು ಆಕೆಯನ್ನೇ ನೋಡುತ್ತ ನಿಂತರು. ಪ್ಯಾಕಿಂಗಿನ ಹುಡುಗಿಯೊಬ್ಬಳು ಮಾತ್ರ ಓಡಿಹೋಗಿ, ತಾನು ಅರ್ಧ ಕುಡಿದಿಟ್ಟಿದ್ದ ಕಿತ್ತಳೆ ಬಣ್ಣದ ತಂಪು ಬಾಟಲಿ ತಂದಳು. ಅಕ್ಕ ನೆಲದ ಮೇಲೆ ಚೆಲ್ಲಿದ ಟೀಯಲ್ಲೇ ಮಂಡಿಯೂರಿ, ಬ್ಲೇಡಣ್ಣನ ತಲೆಯನ್ನು ತೋಳಿಗೆ ಒರಗಿಸಿಕೊಂಡು, ತಾನು ವಿಷವೆಂದು ಕರೆದಿದ್ದ ಆ ನೀರನ್ನು ಗುಟುಕು ಗುಟುಕಾಗಿ ಅವನ ಬಾಯಿಗೆ ಹಾಕಿದಳು. "ನುಂಗಪ್ಪಾ, ನುಂಗು, ನನ್ನಪ್ಪ ಅಲ್ವಾ," ಅನ್ನುತ್ತಿದ್ದಳು. ಕಣ್ಣಿಂದ ನೀರು ಧಾರಾಕಾರ. ಸಕ್ಕರೆ ಹಾಕಿ ಹಾಕಿ ಒಬ್ಬನನ್ನು ಕೊಂದೆ, ಹಾಕದೆ ಇನ್ನೊಬ್ಬನನ್ನು ಕೊಲ್ಲುತ್ತಿದ್ದೇನೆ, ದೇವರೇ ಎಂಥ ಕೈ ಕೊಟ್ಟೆ ನನಗೆ ಎಂದು ಆಗ ಅನ್ನಿಸಿತಂತೆ. ಸ್ವಲ್ಪ ಹೊತ್ತಿಗೆ ಅವನ ಬೆವರು ಆರಿತು. ಕಣ್ಣು ಒಂದೊಂದೇ ಮುಖವನ್ನು ಗುರುತಿಸುತ್ತ ಬಂದು ಆಕೆಯ ಮೇಲೆ ನಿಂತಿತು. "ಯಾಕೆ ಅಳ್ತಿದ್ದೀರಿ ಅತ್ತಿಗೆ?" ಅಂದ.

ಅವನನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಜನ ಆಕೆಯನ್ನು ಹೊಗಳಿದರೆಂದು ನೀವು ಎಣಿಸಿದರೆ ನಿಮಗೆ ಜನ ಗೊತ್ತಿಲ್ಲ. ಮರುದಿನ ಮೆಟ್ಟಿಲ ಕೆಳಗೆ ಪಂಚಾಯಿತಿ ಸೇರಿತು. ಎರಡು ವರ್ಷದಿಂದ ತಮ್ಮನ್ನು ಕೂಸುಗಳೆಂದು ತಿಳಿದು ಕಣ್ಣಿಗೆ ಮಣ್ಣೆರಚಿದಳಲ್ಲ ಎಂಬ ಸಿಟ್ಟು ಎಲ್ಲರಿಗೂ. ನನಗೂ ಇತ್ತು; ಹಣೆ ಮುಟ್ಟಿ ನೋಡಿಕೊಂಡದ್ದು ನೆನಪಾಗಿ ಹೆಚ್ಚೇ ಇತ್ತು. "ನಮ್ಮ ನಾಲಿಗೆ ಮೇಲೆ ನಿಂದೇನಕ್ಕಾ ದರ್ಬಾರು?" ಎಂದ ಫೋರ್ಮನ್. ಬೇರೆ ಯಾರನ್ನಾದರೂ ತರೋಣ ಎಂದವರೂ ಇದ್ದರು. ಮಾಲೀಕರು, ಟೀ ಕುಡಿಯುವವರು ನೀವು, ಇಟ್ಟುಕೊಳ್ಳುವುದು ಬಿಡುವುದು ನಿಮ್ಮಿಷ್ಟ ಎಂದು ಕೈತೊಳೆದುಕೊಂಡಿದ್ದರು. ಆ ಕಟ್ಟೆ, ಒಲೆ ಬಿಟ್ಟರೆ ಹೋಗಲು ಆಕೆಗೆ ಬೇರೆ ಜಾಗವಿರಲಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಆಕೆ ತಲೆ ಎತ್ತದೆ ಲೋಟ ಒರೆಸುತ್ತ ಕೂತಿದ್ದಳು. ತೀರ್ಮಾನವೇನೂ ಆಗಲಿಲ್ಲ, ಬ್ಲೇಡಣ್ಣ ಬಂದ ಮೇಲೆ ನೋಡೋಣ, ಪೆಟ್ಟು ಬಿದ್ದದ್ದು ಅವನಿಗೆ, ಎಂದು ಎದ್ದರು.

ಅವನು ವಾರ ಕಳೆದು ಬಂದ. ಯಂತ್ರದ ಕೆಲಸ ಕೈಬಿಟ್ಟಿತ್ತು. ಶುಗರ್ ಹತೋಟಿಗೆ ಬರುವವರೆಗೆ ಕಾಗದದ ಗೋದಾಮಿನಲ್ಲಿ ಕೂರಬೇಕೆಂದು ಅಪ್ಪಣೆಯಾಗಿತ್ತು. ಬಂದವನೇ ಬೆಂಚಿನ ತನ್ನ ಮೂಲೆಯಲ್ಲಿ ಕೂರದೆ ಕಟ್ಟೆಯ ಮುಂದೆ ನಿಂತ.

"ನನಗೆ ಯಾಕೆ ಹೇಳ್ಲಿಲ್ಲ ಅತ್ತಿಗೆ? ನೀವು ಹಾಕ್ತೀರಿ ಅಂತ ನಂಬಿ ನಾನು ಸೂಜಿ ಜಾಸ್ತಿ ಚುಚ್ಚಿಕೊಳ್ತಿದ್ದೆ. ಸತ್ತಿದ್ರೆ?"

ಆಕೆಯ ಮುಖ ಬಿಳಿಚಿಹೋಯಿತು. ಸೂಜಿಯ ವಿಷಯ ಆಕೆಗೆ ಆವರೆಗೆ ಗೊತ್ತಿರಲಿಲ್ಲ. "ಹೇಳಿದ್ರೆ ನೀವು ಯಾರಾದ್ರೂ ಕುಡೀತಿದ್ರೇನಪ್ಪಾ?" ಎಂದಳು ಮೆಲ್ಲಗೆ. ಆಮೇಲೆ, "ನಿನಗೆ ಶುಗರ್ ಇದೆ ಅಂತ ನೀನ್ಯಾಕೆ ನನಗೆ ಹೇಳ್ಲಿಲ್ಲ?" ಎಂದಳು.

"ಹೇಳಿದ್ರೆ ನೀವು ಟೀ ಕೊಡ್ತಿದ್ರಾ?"

ಅಕ್ಕ ಕೈಯ ಲೋಟ ಕೆಳಗಿಟ್ಟು ಅಂದಳು: "ತಪ್ಪಾಯ್ತು ಕಣಪ್ಪಾ. ಮೊದಲು ನಮ್ಮನೆಯವರಿಗೆ ಕೇಳಿದಷ್ಟೂ ಹಾಕ್ದೆ, ಆಮೇಲೆ ನಿಮಗೆ ಗೊತ್ತಿಲ್ದೆ ತೆಗ್ದೆ. ಇನ್ಮೇಲೆ ಏನಿದ್ರೂ ಹೇಳಿ ಮಾಡ್ತೀನಿ. ಬೇಕಾದ್ರೆ ಇಟ್ಕೊಳ್ಳಿ, ಇಲ್ದಿದ್ರೆ ಹೋಗು ಅನ್ನಿ."

ಬ್ಲೇಡಣ್ಣ ಹೋಗಿ ತನ್ನ ಮೂಲೆಯಲ್ಲಿ ಕೂತ. "ಒಂದು ಟೀ ಕೊಡಿ," ಅಂದ. ಪಂಚಾಯಿತಿಯ ತೀರ್ಪು ಅಷ್ಟೇ. ಆಕೆ ಲೋಟವನ್ನು ಅವನ ಮುಂದಿಟ್ಟು, ಎಲ್ಲರಿಗೂ ಕೇಳುವಂತೆ, "ಇದ್ರಲ್ಲಿ ಸಕ್ಕರೆ ಇಲ್ಲ," ಎಂದಳು. "ಗೊತ್ತು," ಎಂದ.

ಅಂದಿನಿಂದ ಕಟ್ಟೆಯ ಮೇಲೆ ಸಕ್ಕರೆಯ ಬಟ್ಟಲೊಂದು ಬಂತು, ಬೇಕಾದವರು ಬೇಕಾದಷ್ಟು ಹಾಕಿಕೊಳ್ಳಲೆಂದು. ಮೊದಲ ದಿನ ನಾವೆಲ್ಲ ಹಟಕ್ಕೆ ಬಿದ್ದು ಮೂರು ಮೂರು ಚಮಚ ಸುರಿದುಕೊಂಡೆವು. ಒಂದು ಗುಟುಕಿಗೇ ಗಂಟಲು ಕೆರೆಯಿತು, ನಾಲಿಗೆ ಜಿಡ್ಡುಗಟ್ಟಿತು. ಇದನ್ನೇ ಅಲ್ಲವೆ ಒಂದು ಕಾಲದಲ್ಲಿ ಚಪ್ಪರಿಸುತ್ತಿದ್ದದ್ದು! ಆದರೂ ಅಕ್ಕನ ಮುಂದೆ ಸೋಲಲಾಗದೆ, ಫೋರ್ಮನ್ನಿಂದ ಹಿಡಿದು ನನ್ನವರೆಗೆ, ಎಲ್ಲರೂ ಮುಖ ಗಂಟಿಕ್ಕಿ ಕೊನೆಯ ಹನಿಯವರೆಗೆ ಕುಡಿದೆವು. ಆಕೆ ಗೋಡೆಯ ಕಡೆ ತಿರುಗಿ ನಿಂತಿದ್ದಳು. ನಕ್ಕಳೋ ಇಲ್ಲವೋ ಕಾಣಲಿಲ್ಲ. ಆಮೇಲೆ ಕೆಲವರು ಬಟ್ಟಲು ಮುಟ್ಟುವುದನ್ನು ಬಿಟ್ಟರು, ಕೆಲವರು ಮೂರು ಚಮಚಕ್ಕೇ ಮರಳಿದರು. ಪ್ಯಾಕಿಂಗಿನ ಹುಡುಗಿಯರ ಬಾಟಲಿಗಳಂತೂ ಹಾಗೆಯೇ ನಡೆದವು. ಆಕೆ ನೋಡುತ್ತಿದ್ದಳು, ಸಂಕಟಪಡುತ್ತಿದ್ದಳು, ಹೇಳುವುದನ್ನು ಹೇಳುತ್ತಿದ್ದಳು. ಕೈ ಮಾತ್ರ ಹಾಕುತ್ತಿರಲಿಲ್ಲ.

ಪ್ರತಿ ಮನೆಯಲ್ಲೂ ಇಂಥವರೊಬ್ಬರು ಇರುತ್ತಾರೆ. ಒಮ್ಮೆ ಯಾರನ್ನೋ ಕಳೆದುಕೊಂಡವರು. ಆ ಕಾರಣಕ್ಕೇ ಉಳಿದವರನ್ನೆಲ್ಲ, ಅವರಿಗೆ ಬೇಕೋ ಬೇಡವೋ, ಬದುಕಿಸಲು ನಿಂತವರು. ನಮ್ಮನ್ನು ಕೇಳದೆಯೇ ನಮ್ಮ ತಟ್ಟೆಗೆ ಕೈ ಹಾಕುತ್ತಾರೆ, ನಮ್ಮ ಒಳ್ಳೆಯದಕ್ಕೇ ಸುಳ್ಳು ಹೇಳುತ್ತಾರೆ, ನಾವು ರೇಗಿದರೆ ನೊಂದುಕೊಳ್ಳುತ್ತಾರೆ. ಅವರ ಅಕ್ಕರೆ ಎಷ್ಟು ದೊಡ್ಡದೋ ಅದರೊಳಗಿನ ಅಧಿಕಾರವೂ ಅಷ್ಟೇ ದೊಡ್ಡದು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಿ ಎಂದರೆ ಅವರಿಗೆ ತಿಳಿಯುವುದೇ ಇಲ್ಲ. ಇಷ್ಟೇ ಆದರೆ ಅವರ ವಿಚಾರ ಸಾಮಾನ್ಯವೇ. ಆದರೆ ತಾನು ಮಾಡಿದ ಉಪಕಾರವೇ ಕೇಡಾಗಿ ಎದುರು ಬಂದು ನಿಂತಾಗ, ಪರೋಪಕಾರಿಗಳಲ್ಲಿ ಹೆಚ್ಚಿನವರು ಮೊದಲು ಉಳಿಸಿಕೊಳ್ಳುವುದು ತಮ್ಮ ಒಳ್ಳೆಯತನವನ್ನು. ಸಾಯುವವನು ಅಷ್ಟು ಹೊತ್ತು ಕಾಯಬೇಕು. ಎಲ್ಲೋ ಒಬ್ಬಿಬ್ಬರು ಮಾತ್ರ ಆ ಒಳ್ಳೆಯತನವನ್ನು ತುಂಬಿದ ಜನರ ನಡುವೆ ನೆಲಕ್ಕೆ ಬಿಟ್ಟು, ಬಿದ್ದವನ ಕಡೆ ಓಡುತ್ತಾರೆ.